ಮಧ್ಯಂತರಕ್ಕೆ ಮುನ್ನ ಮಡಿದವರ ಸಂಘ

ಫೆಬ್ರವರಿ ೩

ಬೆಳ್ಳಿತೆರೆಯ ಮೇಲೆ ಲೆಕ್ಕವಿಲ್ಲದಷ್ಟು ಸಲ ಗುಂಡೇಟು ತಿಂದು, ಸೇತುವೆಯಿಂದ ನೀರಿಗೆ ಬಿದ್ದು, ಮೆಟ್ಟಿಲ ಮೇಲಿಂದ ಉರುಳಿ, ಆದರೂ ಧೃತಿಗೆಡದೆ ಮುಂದಿನ ಚಿತ್ರಕ್ಕೆ ಹಾಜರಾದ ಮಹನೀಯರ ಸನ್ನಿಧಿಗೆ,

ಕೆಳಗೆ ಸಹಿ ಮಾಡಿರುವ ಕಾರ್ಯದರ್ಶಿಯು ತಲೆಬಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ: ‘ಮಧ್ಯಂತರಕ್ಕೆ ಮುನ್ನ ಮಡಿದವರ ಅಭಿಮಾನಿ ಸಂಘ’ ಎಂಬ ನಮ್ಮ ಘನ ಸಂಸ್ಥೆಯು ಹೀರೋಗಳನ್ನು ಮೆಚ್ಚುವುದಿಲ್ಲ. ಹೀರೋ ಆಗಲು ಎತ್ತರವಿದ್ದರೆ ಸಾಕು. ಆದರೆ ಆ ಕಪ್ಪು ಬಿಳುಪಿನ ಪತ್ತೇದಾರಿ ಚಿತ್ರಗಳಲ್ಲಿ ಉದ್ದ ಕೋಟು ತೊಟ್ಟು, ಅರ್ಧ ಮುಖವನ್ನು ಕತ್ತಲೆಯಲ್ಲಿಟ್ಟು, ಜನ ಕೈಯಲ್ಲಿರುವ ತಿಂಡಿ ಮುಗಿಸುವ ಮೊದಲೇ ಸಾಯುವುದಿದೆಯಲ್ಲ, ಅದಕ್ಕೆ ಎದೆಗಾರಿಕೆ ಬೇಕು. ಆ ಎದೆಗಾರಿಕೆಯಲ್ಲಿ ತಮ್ಮನ್ನು ಮೀರಿಸಿದವರಿಲ್ಲ.

ರೈಲ್ವೆ ಗೋದಾಮಿನ ಚಿತ್ರವನ್ನೇ ತೆಗೆದುಕೊಳ್ಳಿ. ಒಳಗೆ ಕೋವಿ ಹಿಡಿದವರಿದ್ದಾರೆ. ತಾವು ಬಾಗಿಲವರೆಗೆ ಬರುತ್ತೀರಿ. ಟೋಪಿ ತೆಗೆದು ಪಕ್ಕದ ಮೊಳೆಗೆ ನೇತುಹಾಕುತ್ತೀರಿ. ಅದು ಒಂದಿಷ್ಟು ವಾಲುತ್ತದೆ. ಬೆರಳಲ್ಲಿ ಸರಿಮಾಡುತ್ತೀರಿ, ಇನ್ನೇನು ವಾಪಸು ಬಂದು ಅದನ್ನೇ ಹಾಕಿಕೊಳ್ಳುವವರ ಹಾಗೆ. ಆಮೇಲೆ ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ನಿಲ್ಲುತ್ತೀರಿ. ನಿಂತು, ತೆಗೆಯುತ್ತೀರಿ. ಢಮ್! ಮುಂದಿನ ಕಥೆಯ ಬಗ್ಗೆ ನಮ್ಮ ಸಂಘಕ್ಕೆ ಆಸಕ್ತಿಯಿಲ್ಲ.

ಆದ ಕಾರಣ, ಬರುವ ಏಪ್ರಿಲ್ ಒಂದನೇ ತಾರೀಖು ನಮ್ಮ ಊರಿನ ಭವ್ಯ ಸಭಾಂಗಣದಲ್ಲಿ ಅಪಾರ ಜನಸ್ತೋಮದ ನಡುವೆ ತಮ್ಮನ್ನು ಸನ್ಮಾನಿಸಲು ಸಂಘವು ಸರ್ವಾನುಮತದಿಂದ ನಿರ್ಧರಿಸಿದೆ.

ಸಂಘದ ಹಿರಿಯ ಸದಸ್ಯೆಯೊಬ್ಬರದು ಒಂದು ಪ್ರಶ್ನೆಯಿದೆ: ಒಳಗೆ ಕೋವಿ ಇದೆ ಎಂದು ಗೊತ್ತಿದ್ದೂ ತಾವು ಆ ಬಾಗಿಲನ್ನು ತೆಗೆಯುವುದೇಕೆ?

ಕಾರ್ಯದರ್ಶಿ


ಫೆಬ್ರವರಿ ೧೬

ಮಾನ್ಯ ಕಾರ್ಯದರ್ಶಿಗಳಿಗೆ,

ಪತ್ರ ತಲುಪಿತು. ಲಕೋಟೆಯ ಮೇಲೆ ನನ್ನದೇ ಹೆಸರಿದ್ದುದರಿಂದ ಒಡೆದು ಓದಿದೆ. ಏಪ್ರಿಲ್ ಒಂದಕ್ಕೆ ಬರುತ್ತೇನೆ. ಸಭಾಂಗಣಕ್ಕೆ ಮೆಟ್ಟಿಲು ಬಹಳ ಇದೆಯೇ, ತಿಳಿಸಿ. ಮೊಣಕಾಲು ಮೊದಲಿನಂತಿಲ್ಲ. ಉರುಳಿ ಬೀಳುವುದು ಈಗಲೂ ಬರುತ್ತದೆ, ಹತ್ತುವುದೇ ಕಷ್ಟ.

ನಿಮ್ಮ ಪತ್ರದಲ್ಲಿ ಒಂದು ತಿದ್ದುಪಡಿ. ಗೋದಾಮಿನ ಚಿತ್ರದಲ್ಲಿ ನಾನು ಸತ್ತದ್ದು ಮಧ್ಯಂತರಕ್ಕೆ ಮೊದಲಲ್ಲ, ಆದ ಕೂಡಲೇ. ಜನ ಚಹಾ ಕುಡಿದು ಬಂದು ಕತ್ತಲೆಯಲ್ಲಿ ಸೀಟು ಹುಡುಕುತ್ತಿದ್ದ ಸಮಯ. ಆದ್ದರಿಂದ ಆ ದೃಶ್ಯವನ್ನು ಯಾರೂ ನೋಡಿಲ್ಲ ಎಂದೇ ತಿಳಿದಿದ್ದೆ.

ಆ ಚಿತ್ರಗಳಿಗೆ ಈಗಿನವರು ಫ್ರೆಂಚಿನಲ್ಲಿ ‘ನ್ವಾರ್’, ಅಂದರೆ ಕಪ್ಪು, ಎಂದು ಹೆಸರಿಟ್ಟು ದಪ್ಪ ಪುಸ್ತಕ ಬರೆಯುತ್ತಾರಂತೆ. ನಮ್ಮ ಕಾಲಕ್ಕೆ ಅದಕ್ಕೆ ಹೆಸರಿರಲಿಲ್ಲ. ಮೂರು ಲೈಟು ಬೇಕಾದ ಕಡೆ ಒಂದೇ ಲೈಟು ಕೊಟ್ಟರೆ ಚಿತ್ರ ಹಾಗೆ ಬರುತ್ತದೆ. ನನ್ನ ಅರ್ಧ ಮುಖ ಕತ್ತಲೆಯಲ್ಲಿದ್ದದ್ದು ತತ್ತ್ವಜ್ಞಾನವಲ್ಲ, ಉಳಿತಾಯ.

ಹಿರಿಯ ಸದಸ್ಯೆಯವರಿಗೆ ಉತ್ತರ: ಸ್ಕ್ರಿಪ್ಟಿನಲ್ಲಿ ಹಾಗೆ ಬರೆದಿತ್ತು.

ಇನ್ನೊಂದು ವಿಷಯ. ಶೀಲ್ಡು ಕೊಡುವುದಿದ್ದರೆ ಅದರ ಮೇಲೆ ಹೆಸರು ಸರಿಯಾಗಿದೆಯೇ ಎಂದು ದಯವಿಟ್ಟು ಒಮ್ಮೆ ನೋಡಿಕೊಳ್ಳಿ.

ಇಂತು, ತಾವು ಸನ್ಮಾನಿಸಲಿರುವ ವ್ಯಕ್ತಿ


ಫೆಬ್ರವರಿ ೨೪

ಪರಮಪೂಜ್ಯ ಕಲಾವಿದರಲ್ಲಿ,

ತಮ್ಮ ಒಪ್ಪಿಗೆಯ ಪತ್ರ ಓದಿ ಸಂಘದಲ್ಲಿ ಹರ್ಷೋದ್ಗಾರ ಎಷ್ಟಾಯಿತೆಂದರೆ, ಸಭಾಂಗಣದ ಛಾವಣಿಯೇ ಬಿರುಕು ಬಿಟ್ಟಿದೆ. ರಿಪೇರಿಗೆ ಕಾಲ ಹಿಡಿಯುತ್ತದೆ. ಜೊತೆಗೆ ನಮ್ಮ ಅಧ್ಯಕ್ಷರಿಗೆ ಮಂಗನಬಾವು. ಎರಡೂ ಕೆನ್ನೆ. ಅದೂ ಅಲ್ಲದೆ ಸಂಘವು ತಾತ್ವಿಕ ಕಾರಣಗಳಿಂದ ಎರಡು ಬಣವಾಗಿ ಒಡೆದಿದ್ದು, ಒಂದು ಬಣ ‘ಗುಂಡೇಟಿನಿಂದ ಸತ್ತವರು ಮಾತ್ರ’ ಎಂದೂ ಇನ್ನೊಂದು ‘ಮುಳುಗಿದವರೂ ಸೇರಬೇಕು’ ಎಂದೂ ಪಟ್ಟು ಹಿಡಿದಿವೆ. ಇಂಥ ಗಂಡಾಂತರದ ಹೊತ್ತಿನಲ್ಲಿ ಸಮಾರಂಭವನ್ನು ಅನಿರ್ದಿಷ್ಟ ಕಾಲ ಮುಂದೂಡುವುದು ಲೇಸೆಂದು ಕಾಣುತ್ತದೆ. ತಾವು ಪ್ರಯಾಣದ ತೊಂದರೆ ತೆಗೆದುಕೊಳ್ಳುವುದು ಬೇಡ. ಖಂಡಿತ ಬೇಡ.

ಹಿರಿಯ ಸದಸ್ಯೆಗೆ ತಮ್ಮ ಉತ್ತರ ತಲುಪಿಸಿದೆ. ಅವರು ಅಂದದ್ದು: “ಸ್ಕ್ರಿಪ್ಟಿನಲ್ಲಿ ಬರೆದ್ರೆ? ಬಾವಿಗೆ ಬೀಳು ಅಂತ ಬರೆದ್ರೆ ಬೀಳ್ತಾನಾ?” (ಇಂಥ ಒಂದು ಚಿತ್ರದಲ್ಲಿ ತಾವು ಬಿದ್ದಿದ್ದೀರೆಂದು ನಾನು ಹೇಳಲು ಹೋಗಲಿಲ್ಲ.) ಈ ಸದಸ್ಯೆ ಮಧ್ಯಾಹ್ನದ ಹೊತ್ತು ಟೀವಿಯಲ್ಲಿ ತಮ್ಮ ಚಿತ್ರ ಬಂದರೆ ಕಾಲು ಚಾಚಿ ಕೂರುತ್ತಾರೆ. ತಾವು ಬಾಗಿಲ ಹಿಡಿಗೆ ಕೈಯಿಟ್ಟ ಕೂಡಲೇ ಕೂಗುತ್ತಾರೆ: “ಹಾಳಾದೋನೇ, ಆ ಬಾಗಿಲು ತೆಗೀಬೇಡ!” ಪಕ್ಕದ ಮನೆಯವರು ಮೊದಮೊದಲು ಓಡಿ ಬರುತ್ತಿದ್ದರು. ಈಗ ರೂಢಿಯಾಗಿದೆ.

ಕಾರ್ಯದರ್ಶಿ (ಹಂಗಾಮಿ)


ಮಾರ್ಚ್ ೫

ಮಾನ್ಯ ಕಾರ್ಯದರ್ಶಿಗಳಿಗೆ,

ಅಧ್ಯಕ್ಷರು ಬೆಚ್ಚಗಿನ ಉಪ್ಪುನೀರು ಮುಕ್ಕಳಿಸಲಿ, ಗಾಳಿಗೆ ಹೋಗದಿರಲಿ. ಎರಡೂ ಬಣದವರಿಗೆ ನನ್ನ ನಮಸ್ಕಾರ ತಿಳಿಸಿ. ನಾನು ಎರಡೂ ರೀತಿಯಲ್ಲಿ ಸತ್ತಿರುವುದರಿಂದ ಇಬ್ಬರಿಗೂ ಬೇಸರವಾಗಬೇಕಿಲ್ಲ.

ಸಭಾಂಗಣ ಇಲ್ಲದಿದ್ದರೆ ಒಂದು ಕೋಣೆ ಸಾಕು. ಜನಸ್ತೋಮ ಬೇಡ.

ನಾನು ಹೆಸರಿನ ವಿಷಯ ಬರೆದದ್ದು ನಿಮಗೆ ಅತಿಯೆನಿಸಿರಬಹುದು. ಕಾರಣ ಹೇಳುತ್ತೇನೆ. ಹಿಂದೆ ಒಮ್ಮೆ ಒಂದು ಸಂಸ್ಥೆಯ ಹುಡುಗರು ಕರೆದರು. ಕೋಟು ಇಸ್ತ್ರಿ ಮಾಡಿಸಿಕೊಂಡು ಹೋದೆ. ವೇದಿಕೆಯ ಮೇಲೆ ಕೂರಿಸಿ, ಹಾರ ಹಾಕಿ, ಶೀಲ್ಡು ಕೊಟ್ಟರು. ಅದರ ಮೇಲೆ ಇದ್ದದ್ದು ಇನ್ನೊಬ್ಬರ ಹೆಸರು. ನನ್ನ ಹಾಗೇ ಕೋಟು ತೊಟ್ಟು ಸಾಯುತ್ತಿದ್ದ ಇನ್ನೊಬ್ಬ ನಟರು. ಅವರು ನಿಜವಾಗಿಯೂ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು. ಭಾಷಣದಲ್ಲಿ ಹೇಳಿದ ಚಿತ್ರಗಳೂ ಅವರವೇ. ತಪ್ಪು ಎಂದರೆ ಆ ಹುಡುಗರ ಮುಖ ಸಪ್ಪಗಾದೀತಲ್ಲ ಎಂದು, ನಾನು ಎದ್ದು ನಿಂತು ಆ ನಟರ ಪರವಾಗಿಯೇ ಎರಡು ಮಾತಾಡಿ ಬಂದೆ. ಬಹಳ ಚೆನ್ನಾಗಿತ್ತು ಎಂದರು. ನನ್ನ ಇಡೀ ವೃತ್ತಿಯಲ್ಲಿ ಅಷ್ಟು ದೊಡ್ಡ ಪಾತ್ರ ಇನ್ನೊಂದು ಸಿಗಲಿಲ್ಲ. ಶೀಲ್ಡು ಈಗ ನನ್ನ ಕೋಣೆಯ ಬಾಗಿಲು ಬಡಿದುಕೊಳ್ಳದಂತೆ ಅಡ್ಡ ಕೊಡಲು ಉಪಯೋಗಕ್ಕೆ ಬರುತ್ತಿದೆ.

ಅಂದಿನಿಂದ ಯಾವ ಸಮಾರಂಭಕ್ಕೂ ಹೋಗಿಲ್ಲ. ನಿಮ್ಮದಕ್ಕೆ ಒಪ್ಪಿದ್ದು ಟೋಪಿಯ ಮಾತಿಗಾಗಿ. ವಾಲಿದ ಟೋಪಿಯನ್ನು ಸರಿಮಾಡು ಎಂದು ನಿರ್ದೇಶಕರು ಹೇಳಿರಲಿಲ್ಲ. ನಾನೇ ಮಾಡಿದ್ದು. ಇಷ್ಟು ವರ್ಷಗಳಲ್ಲಿ ಅದನ್ನು ನೋಡಿದೆ ಎಂದವರು ನೀವೊಬ್ಬರೇ.

ಗೋದಾಮಿನ ಚಿತ್ರದ ಕೋಟು ಇನ್ನೂ ಇದೆ. ಮೈ ಇಳಿದಿರುವುದರಿಂದ ಭುಜ ಬಿಗಿಮಾಡಿಸಲು ಟೈಲರ್‌ಗೆ ಕೊಟ್ಟಿದ್ದೇನೆ.

ಹಿರಿಯ ಸದಸ್ಯೆಯವರು ಕೂಗುವುದು ಗೋದಾಮಿನ ಚಿತ್ರಕ್ಕೆ ಮಾತ್ರವೇ, ಎಲ್ಲದಕ್ಕೂ ಕೂಗುತ್ತಾರೆಯೇ?


ಮಾರ್ಚ್ ೧೦

ಸಾರ್,

ಸಂಘ ಇಲ್ಲ. ಅಧ್ಯಕ್ಷರಿಲ್ಲ, ಆದ್ದರಿಂದ ಮಂಗನಬಾವೂ ಇಲ್ಲ. ಸಭಾಂಗಣ, ಛಾವಣಿ, ಬಣ ಯಾವುದೂ ಇಲ್ಲ. ನಾನಿದ್ದೇನೆ, ನಮ್ಮಜ್ಜಿ ಇದ್ದಾರೆ. ಹಿರಿಯ ಸದಸ್ಯೆ ಅವರೇ.

ನಾನು ಶೀಲ್ಡು, ಟ್ರೋಫಿ ಮಾರುವ ಅಂಗಡಿಯಲ್ಲಿ ಹೆಸರು ಕೆತ್ತುವವಳು. ದಿನವೆಲ್ಲ ‘ಅತ್ಯುತ್ತಮ’, ‘ಅಮೋಘ’, ‘ಅವಿಸ್ಮರಣೀಯ’ ಎಂದು ತಗಡಿನ ಮೇಲೆ ಕೊರೆದು ಕೊರೆದು, ಆ ಮಾತುಗಳನ್ನು ಕಂಡರೆ ನಗು ಬರುವ ಹಾಗಾಗಿದೆ. ಒಂದು ದಿನ ಟೀವಿಯಲ್ಲಿ ನಿಮ್ಮನ್ನು ನೋಡುತ್ತಾ ಅಜ್ಜಿ, “ಇವನು ಇನ್ನೂ ಬದುಕಿದಾನೇನೇ?” ಅಂದರು. “ಬರೆದು ಕೇಳ್ತೀನಿ ಇರಿ” ಅಂದೆ. ಹಳೆಯ ಸಿನಿಮಾ ಪತ್ರಿಕೆಯಲ್ಲಿ ನಿಮ್ಮ ವಿಳಾಸ ಸಿಕ್ಕಿತು. ದೊಡ್ಡವರೆಲ್ಲ ಬರೆಯುವ ಹಾಗೆ ‘ಅನಿವಾರ್ಯ ಕಾರಣಗಳಿಂದ ಬರಲಾಗುತ್ತಿಲ್ಲ’ ಅಂತ ಒಂದು ಸಾಲು ನೀವೂ ಬರೆಯುತ್ತೀರಿ, ಅದನ್ನು ಅಜ್ಜಿಗೆ ತೋರಿಸಿ ನಗೋಣ ಅಂತಿದ್ದೆ. ಏಪ್ರಿಲ್ ಒಂದು ಅಂತ ಬರೆಯುವಾಗಲೂ ನಗುತ್ತಿದ್ದೆ.

ನೀವು ಬರುತ್ತೇನೆ ಅಂದುಬಿಟ್ಟಿರಿ.

ನಿಮ್ಮ ಶೀಲ್ಡಿನ ಕಥೆ ಓದಿ ಅಂಗಡಿಯಲ್ಲಿ ಯಂತ್ರ ನಿಲ್ಲಿಸಿ ಕೂತೆ. ಮಾಲೀಕರು, “ಯಾಕಮ್ಮಾ, ಕರೆಂಟ್ ಹೋಯ್ತಾ?” ಅಂದರು. ಆ ಶೀಲ್ಡು ನಮ್ಮ ಅಂಗಡಿಯದಲ್ಲ. ನಮ್ಮದಾಗಿದ್ದರೆ ಇಬ್ಬರ ಹೆಸರೂ ತಪ್ಪಿರುತ್ತಿತ್ತು. (ತಮಾಷೆ ಮಾಡಬಾರದಿತ್ತು. ಕೈ ತಾನಾಗಿ ಬರೆಯುತ್ತದೆ.)

ಕೋಟು ಟೈಲರ್ ಹತ್ತಿರ ಇನ್ನೂ ಹಾಗೇ ಇದ್ದರೆ ವಾಪಸು ತನ್ನಿ. ನಾನು ಮಾಡಿದ್ದು ಆ ಹುಡುಗರು ಮಾಡಿದ್ದಕ್ಕಿಂತ ಕೆಟ್ಟದ್ದು. ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಟೋಪಿಯ ಮಾತೊಂದು ಸುಳ್ಳಲ್ಲ. ಅದನ್ನು ನೋಡಿದೆ. ಪ್ರತಿ ಸಲವೂ ನೋಡುತ್ತೇನೆ.

ಅಜ್ಜಿ ಎಲ್ಲ ಚಿತ್ರಕ್ಕೂ ಕೂಗುತ್ತಾರೆ.

ತಪ್ಪಾಯಿತು.


ಮಾರ್ಚ್ ೨೨

ಸಾರ್,

ಉತ್ತರ ಬರಲಿಲ್ಲ. ಬರಬೇಕಾಗಿಯೂ ಇಲ್ಲ. ದಿನಾ ಅಂಚೆಯವರು ನಮ್ಮ ಬೀದಿಗೆ ಬರುವ ಹೊತ್ತಿಗೆ ಅಂಗಡಿಯಲ್ಲಿರುವ ನನಗೆ ಹೇಗೋ ಮನೆಯಲ್ಲಿ ಏನೋ ಮರೆತು ಬಂದ ನೆನಪಾಗುತ್ತದೆ. ಇವತ್ತು ಅವರೇ, “ಇಲ್ಲಮ್ಮಾ, ಹೋಗು, ನಿನ್ನ ಬಸ್ ಬಂತು” ಅಂದರು.

ಬೈದಾದರೂ ಒಂದು ಕಾರ್ಡು ಹಾಕಿ. ಬೈಗುಳಕ್ಕೆ ಮಾತು ಸಿಗದಿದ್ದರೆ ಅಜ್ಜಿಯ ಹತ್ತಿರ ಬೇಕಾದಷ್ಟಿದೆ, ಕಳಿಸಿಕೊಡುತ್ತೇನೆ.


ಮಾರ್ಚ್ ೩೦

ಸಾರ್,

ಅಜ್ಜಿಗೆ ಎಲ್ಲ ಹೇಳಿಬಿಟ್ಟೆ. ಮುಂದಿನದು ಅವರು ಹೇಳಿದ್ದು, ನಾನು ಬರೆದದ್ದು. ಒಂದಕ್ಷರ ಬಿಡಬಾರದೆಂದು ಪಕ್ಕದಲ್ಲೇ ಕೂತಿದ್ದಾರೆ.

“ನೋಡಪ್ಪಾ, ನಮ್ಮನೆ ಕಪಿ ನಿನ್ನನ್ನ ಆಟ ಆಡಿಸಿದಾಳೆ. ಅವಳ ಕಿವಿ ಹಿಂಡಿದೀನಿ.” (ನಿಜ. ಎಡಗಿವಿ.) “ಆದ್ರೆ ನೀನೂ ಕಮ್ಮಿ ಇಲ್ಲ. ಎಷ್ಟು ವರ್ಷದಿಂದ ಬಡ್ಕೋತಾ ಇದೀನಿ, ಆ ಬಾಗಿಲು ತೆಗೀಬೇಡ ಅಂತ. ಒಂದು ದಿನ ಆದ್ರೂ ಕೇಳಿದೀಯಾ? ನಮ್ಮ ಯಜಮಾನ್ರು ಇದ್ದಾಗ ಥಿಯೇಟರ್‌ನಲ್ಲೂ ಹೀಗೇ ಕೂಗ್ತಿದ್ದೆ. ಮುಂದಿನ ಸಾಲಿನವರೆಲ್ಲ ತಿರುಗಿ ನೋಡೋರು. ಯಜಮಾನ್ರು ನಾಚಿಕೆಗೆ ಕರ್ಚೀಫಲ್ಲಿ ಮುಖ ಮುಚ್ಕೊಳ್ಳೋರು. ಹೀರೋ ಸತ್ರೆ ಸಾಯ್ಲಿ, ಅಳೋಕೆ ತಾಯಿ ಇದಾಳೆ, ಹಾಡೋಕೆ ಹೀರೋಯಿನ್ ಇದಾಳೆ. ನಿನಗೆ ಯಾರಿದಾರೆ? ಒಂದು ಪಿಕ್ಚರ್‌ನಲ್ಲಾದ್ರೂ ನಿನಗೊಂದು ಮನೆ, ಒಂದು ಹೊತ್ತಿನ ಊಟ ತೋರಿಸಿದಾರಾ? ಬರೀ ಬೀದಿ, ಸಿಗರೇಟು, ಗುಂಡು. ಜನ ಚಪ್ಪಾಳೆ ತಟ್ಟೋರು. ನನಗೆ ಹೊಟ್ಟೆ ಉರಿಯೋದು. ಸನ್ಮಾನ ಗಿನ್ಮಾನ ನನಗೆ ಗೊತ್ತಿಲ್ಲ. ಒಂದು ಭಾನುವಾರ ಮಧ್ಯಾಹ್ನ ಬಾ, ಚಹಾ ಕುಡ್ಕೊಂಡು ಹೋಗು. ನಮ್ಮನೆ ಬಾಗಿಲ ಹಿಂದೆ ಕೋವಿ ಹಿಡಿದೋರು ಯಾರೂ ಇಲ್ಲ. ಈ ಕಪಿ ಒಂದಿದೆ, ಕಚ್ಚಲ್ಲ.”

“ಓದು” ಅಂದರು. ಓದಿದೆ. “‘ಹೊಟ್ಟೆ ಉರಿಯೋದು’ ಅನ್ನೋದು ಹೊಡೆದು ಹಾಕು, ಏನಂದ್ಕೋತಾರೋ” ಅಂದರು. ಹೊಡೆದು ಹಾಕಿಲ್ಲ.

ಕಪಿ


ಏಪ್ರಿಲ್ ೯

ಕಾರ್ಯದರ್ಶಿಯವರೇ,

ಹೀಗೆಯೇ ಕರೆಯುತ್ತೇನೆ. ರಾಜೀನಾಮೆ ನನ್ನ ಕೈ ಸೇರಿಲ್ಲ.

ನಿಮ್ಮ ತಪ್ಪೊಪ್ಪಿಗೆಯನ್ನು ಓದಿ ಸಿಟ್ಟು ಬಂತು. ಪತ್ರವನ್ನು ಬಾಗಿಲ ಬಳಿಯ ಆ ಶೀಲ್ಡಿನ ಕೆಳಗೆ ಇಟ್ಟುಬಿಟ್ಟೆ, ಎರಡೂ ಒಂದೇ ಜಾತಿಯವು ಎಂದು. ಅನುಮಾನ ನನಗೆ ಮೊದಲೇ ಇತ್ತು. ತಾರೀಖು ನೋಡಿದಾಗ ಇತ್ತು, ಮಂಗನಬಾವು ಓದಿದಾಗ ಗಟ್ಟಿಯಾಯಿತು. ಆದರೂ ಕೋಟನ್ನು ಟೈಲರ್‌ಗೆ ಕೊಟ್ಟೆ. ಗೊತ್ತಿದ್ದವನಿಗೆ ನೋವಾಗಬಾರದು. ಆಯಿತು. ಅದಕ್ಕೇ ಬರೆಯಲಿಲ್ಲ.

ಒಂದನೇ ತಾರೀಖು ಕೋಟು ತೊಟ್ಟು ಮನೆಯಲ್ಲೇ ಕುರ್ಚಿಯ ಮೇಲೆ ಕೂತೆ. ಕೂಲಿ ಕೊಟ್ಟು ಬಿಗಿಮಾಡಿಸಿದ್ದು, ಒಂದು ದಿನವಾದರೂ ಮೈಮೇಲೆ ಇರಲಿ ಎಂದು. ಸಂಜೆಯ ಅಂಚೆಯಲ್ಲಿ ನಿಮ್ಮ ಅಜ್ಜಿಯವರ ಪತ್ರ ಬಂತು. ಕೋಟಿನಲ್ಲೇ ಓದಿದೆ. ನಾನು ಬಿದ್ದಾಗಲೆಲ್ಲ ಕತ್ತಲೆಯಲ್ಲಿ ಚಪ್ಪಾಳೆ ಕೇಳಿದೆ. ಅದು ನನ್ನ ಕೆಲಸಕ್ಕೆ ಸಿಕ್ಕ ಮೆಚ್ಚುಗೆ ಎಂದೇ ಸಮಾಧಾನ ಮಾಡಿಕೊಂಡಿದ್ದೆ. ಆ ಚಪ್ಪಾಳೆಯ ನಡುವೆ ಒಬ್ಬರು ಬೇಡ ಎಂದು ಕೂಗುತ್ತಿದ್ದರು ಎಂಬುದು ಈಗ ತಿಳಿಯಿತು.

ಅವರ ಪ್ರಶ್ನೆಗೆ ಮೊದಲು ಕೊಟ್ಟದ್ದು ಹಾರಿಕೆಯ ಉತ್ತರ. ಸ್ಕ್ರಿಪ್ಟಿನಲ್ಲಿ ಬರೆದಿದ್ದು ‘ಬರುತ್ತಾನೆ, ತೆಗೆಯುತ್ತಾನೆ, ಬೀಳುತ್ತಾನೆ’ ಎಂದಷ್ಟೇ. ನಿಲ್ಲುವುದನ್ನು ನಾನು ಸೇರಿಸಿದೆ. ನಿಂತು ಏನು ಯೋಚಿಸುತ್ತಿದ್ದೆ ಎಂದರೆ: ಬಾಗಿಲ ಆಚೆ ಕೋವಿ ಇದೆ, ಸರಿ. ಈಚೆ ಏನಿದೆ? ಖಾಲಿ ಓಣಿ, ಒದ್ದೆ ಕಲ್ಲು, ನನ್ನದೇ ನೆರಳು. ಆಚೆ ಯಾರೋ ಕೂತು ನನಗಾಗಿಯೇ ಕಾಯುತ್ತಿದ್ದಾರೆ. ಕೊಲ್ಲಲಾದರೂ ಸರಿ, ಕಾಯುತ್ತಿದ್ದಾರೆ. ಅಷ್ಟು ಸಾಕಾಗಿತ್ತು ಆ ಮನುಷ್ಯನಿಗೆ. ನಿಮ್ಮ ಮೊದಲ ಪತ್ರಕ್ಕೆ ನಾನು ಒಪ್ಪಿಗೆ ಬರೆದದ್ದೂ ಅದೇ ಲೆಕ್ಕದಲ್ಲಿ.

ಹದಿನೆಂಟನೇ ತಾರೀಖು ಭಾನುವಾರ, ಮಧ್ಯಾಹ್ನದ ರೈಲಿಗೆ ಬರುತ್ತೇನೆ. ನಿಲ್ದಾಣಕ್ಕೆ ಬರಬೇಡಿ, ಬಾಗಿಲು ನಾನೇ ಹುಡುಕಿಕೊಳ್ಳುತ್ತೇನೆ. ಸಕ್ಕರೆ ಕಡಿಮೆ.


ಏಪ್ರಿಲ್ ೨೦

ಮಧ್ಯಂತರಕ್ಕೆ ಮುನ್ನ ಮಡಿದವರ ಅಭಿಮಾನಿ ಸಂಘದ ಪ್ರಥಮ ಸಭೆಯ ನಡಾವಳಿ. ಮುಖ್ಯ ಅತಿಥಿಗಳು ಖುದ್ದು ಹಾಜರಿದ್ದರೂ ಅವರಿಗೆ ಗೊತ್ತಿಲ್ಲದ ಕೆಲವು ಸಂಗತಿಗಳಿರುವುದರಿಂದ ಅವರಿಗೇ ಕಳಿಸಲಾಗಿದೆ.

ಸಭೆಗೆ ಪೂರ್ವದಲ್ಲಿ: ಹಿರಿಯ ಸದಸ್ಯೆ ಬೆಳಿಗ್ಗೆಯಿಂದ ಮೂರು ಸೀರೆ ಬದಲಾಯಿಸಿ, “ಯಾವನೋ ಬಾಗಿಲು ತೆಗೆಯೋನು ಬರ್ತಾನೆ ಅಂತ ನಾನ್ಯಾಕೆ ಸಿಂಗಾರ ಮಾಡ್ಕೊಳ್ಲಿ” ಎಂದು ಮೊದಲಿನದನ್ನೇ ಉಟ್ಟರು. ತಮ್ಮ ಹೆಜ್ಜೆ ಮೆಟ್ಟಿಲ ಮೇಲೆ ಕೇಳಿಸಿತು. ನಮ್ಮ ಬಾಗಿಲವರೆಗೆ ಬಂದು ನಿಂತಿತು. ಬಡಿಯುವ ಸದ್ದಿಲ್ಲ. ನಾನು ತೆಗೆಯಲು ಓಡಿದೆ. ಅಜ್ಜಿ ನನ್ನ ಮಣಿಕಟ್ಟು ಹಿಡಿದು ಪಿಸುಗುಟ್ಟಿದರು: “ಇರು. ಟೋಪಿ ತೆಗೀತಿರ್ತಾನೆ.”

ಆಮೇಲೆ ತಾವು ಬಡಿದಿರಿ.

ಸ್ವಾಗತ: “ಬನ್ನಿ, ಕೂತ್ಕೊಳ್ಳಿ” ಎಂದು ಆರಂಭವಾಗಿ, ಚಹಾ ಲೋಟ ಖಾಲಿಯಾಗುವಷ್ಟರಲ್ಲಿ “ಯಾಕೋ ಇಷ್ಟು ಸೊರಗಿದೀಯಾ?” ಎಂಬಲ್ಲಿಗೆ ತಲುಪಿತು. ಇದಕ್ಕೆ ಸಭೆಯಲ್ಲಿ ಯಾರ ಆಕ್ಷೇಪವೂ ಇರಲಿಲ್ಲ.

ಸನ್ಮಾನ: ಶೀಲ್ಡಿನ ಮರ ಒಂದು ಬ್ಯಾಡ್ಮಿಂಟನ್ ಜೋಡಿಗಾಗಿ ಮಾಡಿಸಿದ್ದು, ಅವರು ಜಗಳವಾಡಿಕೊಂಡು ತೆಗೆದುಕೊಂಡು ಹೋಗಲೇ ಇಲ್ಲ, ಮಾಲೀಕರು ನನಗೆ ಕೊಟ್ಟರು. ತಗಡು ಹೊಸದು. ‘ಅಮೋಘ’ ಎಂದು ಕೊರೆಯಲು ಕೈ ಬರಲಿಲ್ಲ. ತಮ್ಮ ಹೆಸರು, ಅದರ ಕೆಳಗೆ ಅಜ್ಜಿಯ ಮಾತು: ‘ಹಾಳಾದೋನೇ, ಆ ಬಾಗಿಲು ತೆಗೀಬೇಡ!’ ತಾವು ಹೆಸರಿನ ಮೇಲೆ ಬೆರಳಾಡಿಸಿ ಓದಿದಿರಿ. ಮತ್ತೆ ಮೊದಲಿಂದ ಓದಿದಿರಿ. ಭಾಷಣ ಇಷ್ಟೇ: “ಹೆಸರು ಸರಿಯಾಗಿದೆ.” ಅಜ್ಜಿ ಎದ್ದು ಒಲೆಯ ಕಡೆ ಹೋದದ್ದು ಹಾಲು ಉಕ್ಕಿತೆಂದು ಅಲ್ಲ. ಒಲೆ ಆರಿತ್ತು.

ಸಭೆಯ ನಂತರ, ತಮಗೆ ಗೊತ್ತಿಲ್ಲದ್ದು: ನಿನ್ನೆ ಮಧ್ಯಾಹ್ನ ಟೀವಿಯಲ್ಲಿ ಗೋದಾಮಿನ ಚಿತ್ರ ಬಂತು. ಅಜ್ಜಿ ಜಾರಿಬಿದ್ದರೆ ನೋಡಿಕೊಳ್ಳಬೇಕೆಂಬ ನೆಪ ಹೇಳಿ ನಾನು ಅಂಗಡಿಗೆ ಹೋಗಿರಲಿಲ್ಲ. ತಾವು ಓಣಿಯಲ್ಲಿ ಬಂದಿರಿ. ಟೋಪಿ, ಮೊಳೆ, ಬೆರಳು. ಬಾಗಿಲ ಹಿಡಿಯ ಮೇಲೆ ಕೈ. ನಾನು ಕೂಗಿಗೆ ಕಾದೆ. ಪಕ್ಕದ ಮನೆಯವರೂ ಕಾಯುತ್ತಿದ್ದರೇನೋ. ಅಜ್ಜಿ ಕಾಲು ಮಡಚಿ ನೆಟ್ಟಗೆ ಕೂತು, ಒಳಗಿನಿಂದ ಮಾತಾಡುವವರ ಹಾಗೆ ಮೆಲ್ಲಗೆ ಅಂದರು: “ತೆಗಿಯಪ್ಪಾ, ಚಹಾ ಆರ್ತಾ ಇದೆ.”

ಗುಂಡು ಹಾರಿತು. ಅದಕ್ಕೇನು ಗೊತ್ತಾಗುತ್ತದೆ.

ಅಜ್ಜಿ ಟೀವಿ ಆರಿಸಿದರು. “ಬರೆದು ಕೇಳು, ಮನೆ ಸರಿಯಾಗಿ ಸೇರಿದಾನಾ ಅಂತ. ಈಗಲೇ.” ತಾವು ಭಾನುವಾರ ರಾತ್ರಿಯೇ ತಲುಪಿರುತ್ತೀರಿ ಎಂದರೆ ಕೇಳುತ್ತಿಲ್ಲ. ದಯವಿಟ್ಟು ಕೂಡಲೇ ಒಂದು ಕಾರ್ಡು ಹಾಕಿ. ಅಜ್ಜಿ ಊಟ ಸರಿಯಾಗಿ ಮಾಡುತ್ತಿಲ್ಲ.

ಇನ್ನೂ ಒಂದು. ತಾವು ಹೋದ ಮೇಲೆ ಬಾಗಿಲ ಹೊರಗೆ, ಕರೆಂಟ್ ಮೀಟರಿನ ಪಕ್ಕದ ಮೊಳೆಯಲ್ಲಿ ತಮ್ಮ ಟೋಪಿ ನೇತಾಡುತ್ತಿತ್ತು. ಒಂಚೂರೂ ವಾಲಿಲ್ಲ. ಪಾರ್ಸಲ್ ಮಾಡಿ ಕಳಿಸಲೇ?

ಕಪಿ
ಕಾರ್ಯದರ್ಶಿ


ಏಪ್ರಿಲ್ ೨೪

(ಅಂಚೆ ಕಾರ್ಡು)

ಅಜ್ಜಿಯವರಿಗೆ ತಿಳಿಸಿ. ಕ್ಷೇಮವಾಗಿ ತಲುಪಿದೆ. ಮನೆಯ ಬಾಗಿಲು ತೆಗೆದೆ. ಒಳಗೆ ಯಾರೂ ಇರಲಿಲ್ಲ. ಬದುಕಿದ್ದೇನೆ.

ಟೋಪಿ ಅಲ್ಲೇ ಇರಲಿ.